ತಲೆಭಾರದ ಬಾಣ: ಹೆಗಲಿನಲ್ಲೇ ನಿಂತುಹೋದ ಒಂದು ಹೊಡೆತದ ಪ್ರಕರಣ ಅಧ್ಯಯನ

ಬಿಲ್ಲುಬೇಟೆಗೆ ಕಾನೂನಿನ ಅನುಮತಿ ಇರುವ ಕಡೆ, ಪರವಾನಗಿ ಪಡೆದ ಬೇಟೆಗಾರರೊಬ್ಬರು ಬಲಿತ ಗಂಡು ಕಾಡುಹಂದಿಯೊಂದಕ್ಕೆ 22 ಮೀಟರ್ ದೂರದಿಂದ ಬಾಣ ಬಿಟ್ಟರು. ಹಂದಿ ತುಸು ಅವರ ಕಡೆಗೇ ಓರೆಯಾಗಿ ನಿಂತಿತ್ತು. ಗುರಿಯಿಟ್ಟ ಜಾಗಕ್ಕಿಂತ ನಾಲ್ಕು ಬೆರಳು ಮುಂದೆ, ನೇರ ಹೆಗಲಿನ ಮೇಲೆ ಬಾಣ ಬಿತ್ತು. ಪ್ರಾಣಿ ಓಡಿತು. ನೂರು ಮೀಟರಿನೊಳಗೆ ಬಾಣ ಕಳಚಿ ಬಿದ್ದಿತ್ತು. ಅಲ್ಲಿಂದ ಸ್ವಲ್ಪ ದೂರದಲ್ಲಿ ರಕ್ತದ ಜಾಡೂ ನಿಂತಿತು. ಮರುದಿನ ಮಧ್ಯಾಹ್ನದವರೆಗೆ ಹುಡುಕಿದರೂ ಹಂದಿ ಸಿಗಲಿಲ್ಲ.

ಬಾಣ ಜೋಡಿಸಿ, ಬಿಲ್ಲಿಗೆ ಹೊಂದಿಸಿಕೊಡುವುದು ನನ್ನ ಕೆಲಸ. ಅವರು ಆ ಬಾಣವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಂದರು. ಕಾಯಿಲೆ ಏನೆಂದು ಅವರೇ ನಿರ್ಧರಿಸಿಯಾಗಿತ್ತು: ಬಾಣ ಹಗುರವಾಯಿತು, ಆದ್ದರಿಂದ ಹೊಕ್ಕಲಿಲ್ಲ. ಔಷಧವೂ ಅವರ ಬಳಿಯೇ ಇತ್ತು: "ಮುಂದಕ್ಕೆ ಎಷ್ಟು ತೂಕ ಹಾಕಲು ಸಾಧ್ಯವೋ ಅಷ್ಟು ಹಾಕಿಕೊಡಿ."

ಭಾರದ ಬಾಣಕ್ಕೆ ನನ್ನ ವಿರೋಧವೇನೂ ಇಲ್ಲ. ದೊಡ್ಡ ಪ್ರಾಣಿಗೆ, ಹತ್ತಿರದ ಹೊಡೆತಕ್ಕೆ ನಾನೂ ಅದನ್ನೇ ಹೇಳುತ್ತೇನೆ. ಆದರೆ ಈ ಬಾಣ ನಿಂತುಹೋದದ್ದು ತೂಕ ಸಾಲದೆಯೇ ಎಂಬ ಪ್ರಶ್ನೆಗೆ ಉತ್ತರ ಬಾಣದಲ್ಲೇ ಇರುತ್ತದೆ. ಅದನ್ನು ಓದದೆ ತೂಕ ಏರಿಸುವುದರಲ್ಲಿ ಅರ್ಥವಿಲ್ಲ.

ಬಾಣ ಹೇಳಿದ್ದು

ಬಿಲ್ಲು ಕಾಂಪೌಂಡ್ (ತುದಿಗಳಲ್ಲಿ ಗಾಲಿಯಿರುವ ಬಗೆ), ಎಳೆತದ ಭಾರ 60 ಪೌಂಡ್, ಎಳೆತದ ಉದ್ದ 28 ಇಂಚು. ಬಾಣ ಕಾರ್ಬನ್ ಕೊಳವೆಯದು, 400 ಸ್ಪೈನ್ (ಕೊಳವೆ ಎಷ್ಟು ಬಾಗುತ್ತದೆ ಎಂಬುದರ ಅಳತೆ). ತುದಿಯಲ್ಲಿ 100 ಗ್ರೇನ್ ತೂಕದ, ತಗುಲಿದಾಗ ಅಲಗು ಬಿಚ್ಚುವ ಮೆಕ್ಯಾನಿಕಲ್ ಬ್ರಾಡ್‌ಹೆಡ್ (ಬೇಟೆಬಾಣದ ಅಲಗಿನ ತಲೆ). ಎಲ್ಲ ಸೇರಿ 395 ಗ್ರೇನ್, ಎಂದರೆ 25.6 ಗ್ರಾಂ. ಸೆಕೆಂಡಿಗೆ 268 ಅಡಿ ವೇಗ. ಈ ಲೆಕ್ಕದಲ್ಲಿ ಅಸಹಜವಾದದ್ದು ಏನೂ ಇಲ್ಲ. ಎಳೆತದ ಪ್ರತಿ ಪೌಂಡಿಗೆ ಆರೂವರೆ ಗ್ರೇನ್ ಬಾಣ ಇಂದಿನ ಸಾಮಾನ್ಯ ಜೋಡಣೆ. ಇದಕ್ಕಿಂತ ಹಗುರ ಬಾಣದಲ್ಲಿ ದೊಡ್ಡ ಪ್ರಾಣಿಗಳನ್ನು ಸಲೀಸಾಗಿ ಬೇಟೆಯಾಡಿದವರು ಎಷ್ಟೋ ಮಂದಿ ಇದ್ದಾರೆ.

ರಕ್ತದ ಕಲೆ ತುದಿಯಿಂದ ಸುಮಾರು 10 ಸೆಂಟಿಮೀಟರ್ ತನಕ ಮಾತ್ರ ಇತ್ತು. ಬ್ರಾಡ್‌ಹೆಡ್‌ನ ಎರಡು ಅಲಗುಗಳಲ್ಲಿ ಒಂದು ಪೂರ್ತಿ ಬಿಚ್ಚಿಕೊಂಡು ಬುಡದಲ್ಲಿ ಬಾಗಿತ್ತು, ಇನ್ನೊಂದು ಅರ್ಧಕ್ಕೇ ಸಿಕ್ಕಿಕೊಂಡಿತ್ತು. ಓರೆಯಾಗಿ ಮೂಳೆಗೆ ತಗುಲಿದಾಗ ಹೀಗಾಗುವುದುಂಟು: ಒಂದು ಬದಿಯ ಅಲಗು ಮೊದಲು ಕಚ್ಚುತ್ತದೆ, ತಲೆ ಆ ಬದಿಗೆ ತಿರುಗಿಕೊಳ್ಳುತ್ತದೆ. ಬಿಚ್ಚಿಕೊಳ್ಳುವ ಕೆಲಸಕ್ಕೇ ಬಾಣದ ಶಕ್ತಿಯಲ್ಲಿ ಒಂದು ಪಾಲು ಖರ್ಚಾಗುತ್ತದೆ.

ಅದಕ್ಕಿಂತ ಮುಖ್ಯವಾದದ್ದು ಕೊಳವೆಯ ಬಾಯಿ. ಬ್ರಾಡ್‌ಹೆಡ್ ತಿರುಪಿ ಬಿಚ್ಚಿ, ಭೂತಗನ್ನಡಿಯ ಕೆಳಗೆ ಹಿಡಿದರೆ ಕಾರ್ಬನ್ ಉದ್ದಕ್ಕೆ ಸೀಳಿರುವುದು ಕಂಡಿತು. ಬಾಯಿಯಿಂದ ಹಿಂದಕ್ಕೆ ಸುಮಾರು ನಾಲ್ಕು ಸೆಂಟಿಮೀಟರ್, ಎರಡು ಕಡೆ ಬಿರುಕು. ಬ್ರಾಡ್‌ಹೆಡ್ ತಿರುಪಿ ಕೂರಿಸಲು ಒಳಗೆ ಅಂಟಿಸುವ ತುಂಡು, ಇನ್ಸರ್ಟ್, ತನ್ನ ಜಾಗದಿಂದ ಹಿಂದೆ ಸರಿದು ವಾಲಿತ್ತು. ಇನ್ಸರ್ಟ್‌ಗೆ ಅಂಟಿದ ಗೋಂದಿನ ಪದರ ಒಂದು ಬದಿಯಲ್ಲಿ ಒರಟಾಗಿತ್ತು, ಇನ್ನೊಂದು ಬದಿಯಲ್ಲಿ ಗಾಜಿನಂತೆ ನುಣುಪಾಗಿತ್ತು. ನುಣುಪಾಗಿದ್ದ ಬದಿಯಲ್ಲಿ ಗೋಂದು ಕಾರ್ಬನ್ನನ್ನು ಹಿಡಿದೇ ಇರಲಿಲ್ಲ. ಅಂಟಿಸುವ ಮೊದಲು ಒಳಗಿನ ದೂಳು ಒರೆಸದಿದ್ದರೆ ಹೀಗೇ ಆಗುತ್ತದೆ. ಹೊಡೆತ ಬಿದ್ದ ಕ್ಷಣದಲ್ಲಿ ಮುಂದಿನ ಭಾಗ ನಿಂತಿತು, ಹಿಂದಿನ ಭಾಗ ತಳ್ಳುತ್ತಲೇ ಇತ್ತು, ನಡುವೆ ಕೊಳವೆ ಬಿರಿಯಿತು. ಬಿರಿದ ಬಾಣ ತನ್ನ ಶಕ್ತಿಯನ್ನು ತನ್ನನ್ನೇ ಮುರಿಯಲು ಖರ್ಚು ಮಾಡುತ್ತದೆ, ಪ್ರಾಣಿಯೊಳಗೆ ಹೋಗಲು ಉಳಿಯುವುದು ಅಲ್ಪ.

ಮೂರು ಗರಿಗಳಲ್ಲಿ ಒಂದರ ಅಂಚು ಸವೆದು ಬಿಳಿಚಿಕೊಂಡಿತ್ತು. ಬತ್ತಳಿಕೆಯಲ್ಲಿದ್ದ ಉಳಿದ ಬಾಣಗಳಲ್ಲೂ ಅದೇ ಗರಿಯಲ್ಲಿ ಅದೇ ಗುರುತು. ಅನುಮಾನ ಪರಿಹರಿಸಿಕೊಳ್ಳಲು ಗರಿಗಳಿಗೆ ಕಾಲಿಗೆ ಹಾಕುವ ಬಿಳಿ ಪೌಡರ್ ಸಿಂಪಡಿಸಿ ಒಂದು ಬಾಣ ಬಿಡಿಸಿದೆ. ಬಿಲ್ಲಿನಲ್ಲಿ ಬಾಣ ಕೂರುವ ಆಸರೆಯ ತೋಳಿನ ಮೇಲೆ ಪೌಡರಿನ ಗೆರೆ ಬಿತ್ತು. ಪ್ರತಿ ಬಾಣವೂ ಬಿಲ್ಲು ಬಿಡುವಾಗಲೇ ಹಿಂಭಾಗದಲ್ಲಿ ಒಂದು ಒದೆ ತಿಂದು ಹೊರಡುತ್ತಿತ್ತು.

ಹಂದಿಯ ಹೆಗಲಿನ ಬಗ್ಗೆಯೂ ಒಂದು ಮಾತು ಸೇರಿಸಬೇಕು. ಬಲಿತ ಗಂಡಿಗೆ ಹೆಗಲಿನ ಮೇಲೆ ದಪ್ಪ, ಗಡುಸಾದ ಅಂಗಾಂಶದ ಪದರ ಬೆಳೆದಿರುತ್ತದೆ. ಗಂಡುಗಂಡು ಕಾದಾಡುವಾಗ ಕೋರೆಹಲ್ಲಿನ ಇರಿತ ತಡೆಯುವುದು ಅದೇ. ಅದರ ಹಿಂದೆ ಹೆಗಲಿನ ಮೂಳೆ. ಹೃದಯ, ಶ್ವಾಸಕೋಶಗಳೂ ಜಿಂಕೆಗಿಂತ ಮುಂದಕ್ಕೆ, ಕೆಳಗಿರುವುದರಿಂದ ಗುರಿ ಸಹಜವಾಗಿ ಹೆಗಲಿನ ಹತ್ತಿರವೇ ಹೋಗುತ್ತದೆ. ಬಾಣಕ್ಕೆ ಇದು ಕಠಿಣ ಪರೀಕ್ಷೆ. ಓರೆಯಾಗಿ ಎದುರು ನಿಂತ ಪ್ರಾಣಿಗೆ ಆ ಹೊಡೆತ ಹೊಡೆಯಬೇಕಿತ್ತೇ ಎಂಬುದು ಬೇರೆ ವಿಚಾರ. ಹೊಡೆಯಬಾರದಿತ್ತು ಎಂದು ಅವರಿಗೆ ಹೇಳಿದೆ, ಅವರೂ ಒಪ್ಪಿದರು.

ತೂಕ ಏನು ಕೊಡುತ್ತದೆ, ಏನು ಕೊಡುವುದಿಲ್ಲ

ಭಾರದ ಬಾಣದ ವಾದ ಗಟ್ಟಿಯಾಗಿ ನಿಂತಿರುವುದು ಎಡ್ ಆಶ್ಬಿ ಅವರ ಕೆಲಸದ ಮೇಲೆ. 1980ರ ದಶಕದಲ್ಲಿ ದಕ್ಷಿಣ ಆಫ್ರಿಕಾದ ನಟಾಲ್‌ನಲ್ಲಿ, ಆಮೇಲೆ ಆಸ್ಟ್ರೇಲಿಯಾದ ನೀರೆಮ್ಮೆಗಳ ಮೇಲೆ, ಬಾಣಗಳು ಪ್ರಾಣಿಯೊಳಗೆ ಎಷ್ಟು ಹೊಕ್ಕವು, ಯಾಕೆ ನಿಂತವು ಎಂಬುದನ್ನು ಅವರು ವರ್ಷಗಟ್ಟಲೆ ದಾಖಲಿಸಿದರು. ಬಿಲ್ಲುಬೇಟೆಯವರ ಮಾತಿನಲ್ಲಿ ಅವರ ಹೆಸರು ಬಂದಾಗಲೆಲ್ಲ ಎರಡು ಅಂಕಿಗಳು ಜೊತೆಗೆ ಬರುತ್ತವೆ: ದಪ್ಪ ಮೂಳೆ ದಾಟಲು 650 ಗ್ರೇನ್ ಆಸುಪಾಸಿನ ಬಾಣ ಬೇಕೆಂಬುದು ಒಂದು, ಎಫ್‌ಒಸಿ, ಅಂದರೆ ಮುಂಭಾರದ ಅಳತೆ, 19 ಶೇಕಡಾ ದಾಟಿರಬೇಕೆಂಬುದು ಇನ್ನೊಂದು. ಆದರೆ ಹೊಕ್ಕುವಿಕೆಯ ಮೇಲೆ ಪ್ರಭಾವ ಬೀರುವ ಹನ್ನೆರಡು ಅಂಶಗಳನ್ನು ಅವರು ಮಹತ್ವದ ಕ್ರಮದಲ್ಲಿ ಜೋಡಿಸಿದಾಗ ಮೊದಲಿಗೆ ಇಟ್ಟದ್ದು ಬಾಣ ಮುರಿಯದಿರುವುದನ್ನು. ಎರಡನೆಯದು ಬಾಣ ನೆಟ್ಟಗೆ ಹಾರುವುದು. ಮುಂಭಾರ ಮೂರನೆಯದು. ಒಟ್ಟು ತೂಕ ಇನ್ನೂ ಕೆಳಗೆ ಬರುತ್ತದೆ. ಮೊದಲೆರಡನ್ನು ಹಾರಿಸಿ ಮೂರನೆಯದರಿಂದ ಓದಲು ಶುರುಮಾಡುವವರೇ ಹೆಚ್ಚು. ಮುಂಭಾರವನ್ನು ಅಂಗಡಿಯಲ್ಲಿ ಕೊಳ್ಳಬಹುದು, ನೇರ ಹಾರಾಟ ಅಲ್ಲಿ ಸಿಗುವುದಿಲ್ಲ ಎಂಬುದೇ ಅದಕ್ಕೆ ಕಾರಣವೆಂದು ನನ್ನ ಗುಮಾನಿ.

ಈ ಪ್ರಕರಣದ ಲೆಕ್ಕವನ್ನೇ ನೋಡೋಣ. ಹಳೆಯ 25.6 ಗ್ರಾಂ ಬಾಣ ಸೆಕೆಂಡಿಗೆ 81.7 ಮೀಟರ್ ವೇಗದಲ್ಲಿ ಹೊರಡುತ್ತಿತ್ತು. ಚಲನಶಕ್ತಿ ಸುಮಾರು 85 ಜೂಲ್, ಸಂವೇಗ (ಕಿಲೋಗ್ರಾಂ ತೂಕವನ್ನು ಸೆಕೆಂಡಿಗೆ ಮೀಟರ್ ವೇಗದಿಂದ ಗುಣಿಸಿದ್ದು) 2.09. ಕೊನೆಗೆ ನಾವು ಕಟ್ಟಿದ 632 ಗ್ರೇನ್ ಬಾಣದ ತೂಕ 41 ಗ್ರಾಂ, ವೇಗ ಸೆಕೆಂಡಿಗೆ 218 ಅಡಿ, ಅಂದರೆ 66.4 ಮೀಟರ್. ಚಲನಶಕ್ತಿ 90 ಜೂಲ್, ಸಂವೇಗ 2.72. ಒಂದೇ ಬಿಲ್ಲು, ಒಂದೇ ಎಳೆತ. ಶಕ್ತಿ ಏರಿದ್ದು ಶೇಕಡಾ ಐದಾರು ಮಾತ್ರ, ಸಂವೇಗ ಏರಿದ್ದು ಶೇಕಡಾ 30. ಬಾಣ ಭಾರವಾದಷ್ಟೂ ಬಿಲ್ಲಿನಲ್ಲಿ ಕೂಡಿಟ್ಟ ಶಕ್ತಿಯ ಹೆಚ್ಚಿನ ಪಾಲು ಬಾಣಕ್ಕೆ ಹೋಗುತ್ತದೆ, ನಡುಕ ಮತ್ತು ಸದ್ದಿನಲ್ಲಿ ಕಳೆದುಹೋಗುವುದು ಕಡಿಮೆಯಾಗುತ್ತದೆ. ಶಕ್ತಿಯ ಆ ಸಣ್ಣ ಏರಿಕೆ ಅದರಿಂದ ಬಂದದ್ದು. ಸಂವೇಗ ಹೆಚ್ಚಿದ ಬಾಣವನ್ನು ಅದೇ ತಡೆ ನಿಲ್ಲಿಸಲು ಹೆಚ್ಚು ಹೊತ್ತು ಬೇಕು. ಮೂಳೆಯಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ.

ಎಫ್‌ಒಸಿ ಎನ್ನುವುದು ಬಾಣದ ತೂಕ ನಡುಮಧ್ಯಕ್ಕಿಂತ ಎಷ್ಟು ಮುಂದೆ ಕೂತಿದೆ ಎಂಬುದರ ಅಳತೆ. ಹೆದೆಗೆ ಸಿಕ್ಕಿಸುವ ಹಿಂತುದಿಯ ತುಂಡಾದ ನಾಕ್‌ನ ಕಚ್ಚಿನಿಂದ ಕೊಳವೆಯ ಮುಂತುದಿಯವರೆಗಿನ ಉದ್ದ ಅಳೆಯಿರಿ, ಬ್ರಾಡ್‌ಹೆಡ್ ಲೆಕ್ಕಕ್ಕಿಲ್ಲ. ಪೂರ್ತಿ ಜೋಡಿಸಿದ ಬಾಣವನ್ನು ಚೂರಿಯ ಬೆನ್ನಿನ ಮೇಲಿಟ್ಟು ಅದು ಸಮತೂಗುವ ಬಿಂದುವನ್ನು ಗುರುತಿಸಿ, ನಾಕ್‌ನ ಕಚ್ಚಿನಿಂದ ಆ ಬಿಂದುವಿಗಿರುವ ದೂರ ತೆಗೆದುಕೊಳ್ಳಿ. ಅದರಲ್ಲಿ ಉದ್ದದ ಅರ್ಧವನ್ನು ಕಳೆದು, ಉಳಿದದ್ದನ್ನು ಉದ್ದದಿಂದ ಭಾಗಿಸಿ ನೂರರಿಂದ ಗುಣಿಸಿದರೆ ಮುಗಿಯಿತು. ಈ ಬೇಟೆಗಾರರ ಬಾಣದ ಉದ್ದ 28 ಇಂಚು, ಸಮತೂಕದ ಬಿಂದು 17.5 ಇಂಚು ಸುಮಾರಿಗೆ. ಆದ್ದರಿಂದ ಎಫ್‌ಒಸಿ ಶೇಕಡಾ 12.5. ಮುಂಭಾರ ಹೆಚ್ಚಿದ್ದರೆ ಗರಿಗಳಿಗೂ ತೂಕದ ಕೇಂದ್ರಕ್ಕೂ ನಡುವಿನ ಅಂತರ ಬೆಳೆಯುತ್ತದೆ, ಗರಿಗೆ ಹಿಡಿತ ಸಿಗುತ್ತದೆ, ಬಾಣ ಬೇಗ ಸ್ಥಿರವಾಗುತ್ತದೆ. ಹೊಡೆತ ಬಿದ್ದಾಗಲೂ ತೂಕ ಮುಂದೆಯೇ ಇರುವುದರಿಂದ ಹಿಂದಿನ ಕೊಳವೆ ಬಳುಕುವುದು ಕಡಿಮೆ.

ಮೊದಲ ಪ್ರಯತ್ನ ಅವರದೇ

ನನ್ನ ಬಳಿ ಬರುವ ಮೊದಲೇ ಅವರು ಒಂದು ಪ್ರಯೋಗ ಮಾಡಿ ನೋಡಿದ್ದರು. ಅದೇ 400 ಸ್ಪೈನ್ ಕೊಳವೆಗೆ 100ರ ಬದಲು 200 ಗ್ರೇನ್ ತುದಿ ತಿರುಪಿ ಹಾಕಿದ್ದರು. ಒಟ್ಟು ತೂಕ 495 ಗ್ರೇನ್. ಎಫ್‌ಒಸಿ ಅಳೆದರೆ ಶೇಕಡಾ 20.9! ಕಾಗದದ ಮೇಲೆ ಇದು ಅತಿ ಮುಂಭಾರದ ವರ್ಗಕ್ಕೆ ಸೇರುವ ಬಾಣ. ಅವರ ಆಸೆ ಅಲ್ಲಿಗೇ ಈಡೇರಿದಂತೆ.

ಚೌಕಟ್ಟಿಗೆ ಕಾಗದ ಬಿಗಿದು ಎರಡು ಮೀಟರ್ ದೂರದಿಂದ ಆ ಬಾಣವನ್ನು ಬಿಡಿಸಿದೆ. ನೆಟ್ಟಗೆ ಹಾರುವ ಬಾಣ ಕಾಗದದಲ್ಲಿ ಒಂದು ದುಂಡು ತೂತು, ಅದರ ಸುತ್ತ ಮೂರು ಗರಿಯ ಸಣ್ಣ ಸೀಳು ಮಾಡುತ್ತದೆ. ಇಲ್ಲಿ ಮೊನೆಯ ತೂತು ಬಲಕ್ಕಿತ್ತು, ಗರಿಗಳ ಸೀಳು ಎಡಕ್ಕೆ ಎರಡು ಬೆರಳು ಸರಿದಿತ್ತು. ಅಷ್ಟು ಓರೆಯಾಗಿ ಬಾಣ ಹಾರುತ್ತಿತ್ತು. ಬಲಗೈಯವರಿಗೆ ಸಾಮಾನ್ಯವಾಗಿ ಇದು ಸ್ಪೈನ್ ಮೆತ್ತಗಾದ ಗುರುತು. ಕಾಂಪೌಂಡ್ ಬಿಲ್ಲಿನಲ್ಲಿ ಆಸರೆಯ ಜಾಗ ತಪ್ಪಿದರೆ, ತುದಿಯ ಗಾಲಿ (ಕ್ಯಾಮ್) ವಾಲಿದ್ದರೆ ಕೂಡ ಇದೇ ಸೀಳು ಬರುತ್ತದೆ, ಆದ್ದರಿಂದ ಮೊದಲು ಅವುಗಳನ್ನು ಸರಿಪಡಿಸಿದೆ. ಗರಿ ಆಸರೆಗೆ ತಾಗುವುದೂ ನಿಂತಿತು. ಸೀಳು ಕಡಿಮೆಯಾಯಿತು, ಹೋಗಲಿಲ್ಲ.

ಸ್ಪೈನ್‌ನ ಅಂಕಿ ಬರುವುದು ಸರಳವಾದ ಪರೀಕ್ಷೆಯಿಂದ. 28 ಇಂಚು ಅಂತರದ ಎರಡು ಆಧಾರಗಳ ಮೇಲೆ ಕೊಳವೆಯನ್ನಿಟ್ಟು ನಡುವೆ 1.94 ಪೌಂಡ್, ಅಂದರೆ 880 ಗ್ರಾಂ ತೂಗುಹಾಕಿದಾಗ ಅದು 0.400 ಇಂಚು ಬಾಗಿದರೆ 400 ಸ್ಪೈನ್. ಅಂಕಿ ಇಳಿದಷ್ಟೂ ಕೊಳವೆ ಗಡುಸು. ಆದರೆ ಇದು ಕೊಳವೆ ಸುಮ್ಮನೆ ಮಲಗಿದ್ದಾಗಿನ ಗುಣ. ಬಿಲ್ಲಿನಿಂದ ಹೊರಡುವಾಗ ಹೆದೆ ಹಿಂದಿನಿಂದ ತಳ್ಳುತ್ತದೆ, ಮುಂದಿನ ತೂಕ ಕದಲಲು ಒಲ್ಲೆನ್ನುತ್ತದೆ, ನಡುವಿನ ಕೊಳವೆ ಬಳುಕುತ್ತದೆ. ಬಿದಿರುಗಳದ ತುದಿಗೆ ಕಲ್ಲು ಕಟ್ಟಿ ಹಿಂದಿನಿಂದ ರಭಸವಾಗಿ ತಳ್ಳಿದಂತೆ. ಕಲ್ಲು ದೊಡ್ಡದಾದಷ್ಟೂ ಗಳ ಹೆಚ್ಚು ಬಾಗುತ್ತದೆ. ಕೊಳವೆ ಉದ್ದವಾದರೂ ಹಾಗೆಯೇ, ಎಳೆತ ಹೆಚ್ಚಾದರೂ ಹಾಗೆಯೇ. ತುದಿಯ ತೂಕ ಎರಡು ಪಟ್ಟು ಮಾಡಿ ಕೊಳವೆಯನ್ನು ಹಾಗೆಯೇ ಉಳಿಸಿಕೊಂಡರೆ ಬಾಣ ನೆಟ್ಟಗೆ ಹಾರುವ ಮಾತೇ ಇಲ್ಲ.

ಅವರ ಆಕ್ಷೇಪಣೆ ಸಹಜವಾಗಿತ್ತು: "20 ಮೀಟರಿನಲ್ಲಿ ಎಲ್ಲ ಬಾಣವೂ ಒಂದೇ ಕಡೆ ಬೀಳುತ್ತಿವೆಯಲ್ಲ?" ಬೀಳುತ್ತಿದ್ದವು, ನಿಜ. ಗರಿಗಳು ಕೆಲಸ ಮಾಡಿ ಅಷ್ಟು ಹೊತ್ತಿಗೆ ಬಾಣವನ್ನು ತಕ್ಕಮಟ್ಟಿಗೆ ನೇರ ಮಾಡಿರುತ್ತವೆ, ಆದ್ದರಿಂದ ಗುರಿಹಲಗೆ ದೂರು ಹೇಳುವುದಿಲ್ಲ. ಗರಿಯನ್ನು ತೆಗೆದರೆ ಸುಳ್ಳು ಹೊರಬೀಳುತ್ತದೆ. ಒಂದು ಬಾಣದ ಗರಿ ಕೆರೆದು, ಆ ತೂಕಕ್ಕೆ ಸರಿಯಾಗಿ ಹಿಂದೆ ಟೇಪ್ ಸುತ್ತಿ, 18 ಮೀಟರಿನಿಂದ ಹೊಡೆಸಿದೆ. ಗರಿಯಿದ್ದ ಬಾಣಗಳಿಗಿಂತ ಒಂದು ಗೇಣು ಬಲಕ್ಕೆ, ಬಾಲ ಎಡಕ್ಕೆ ವಾಲಿಕೊಂಡು ನಾಟಿತು. ಹತ್ತು ಮೀಟರಿನಲ್ಲಿ ನಿಂತ ಹಂದಿಗೆ ಈ ಬಾಣ ಬಿಟ್ಟಿದ್ದರೆ ಅದು ಓರೆಯಾಗಿಯೇ ತಗುಲುತ್ತಿತ್ತು. ಓರೆಯಾಗಿ ತಗುಲಿದ ಬಾಣದಲ್ಲಿ ಸಂವೇಗದ ಒಂದು ಭಾಗ ಮುಂದಕ್ಕಲ್ಲ, ಪಕ್ಕಕ್ಕೆ ಕೆಲಸ ಮಾಡುತ್ತದೆ. ಭಾರ ಹೆಚ್ಚಾದಷ್ಟೂ ಆ ಪಕ್ಕದ ಬಲವೂ ಹೆಚ್ಚು, ಕೊಳವೆ ಬಿರಿಯುವ ಸಂಭವವೂ ಹೆಚ್ಚು.

ಮುಂದಿನದು 300 ಸ್ಪೈನ್. ಮುಂದೆ 75 ಗ್ರೇನ್‌ನ ಹಿತ್ತಾಳೆ ಇನ್ಸರ್ಟ್, 200 ಗ್ರೇನ್ ತುದಿ. ಕಾಗದದ ಸೀಳು ಒಂದು ಬೆರಳಿಗೆ ಇಳಿಯಿತು. ಗರಿಯಿಲ್ಲದ ಬಾಣ ಈಗಲೂ ಬಲಕ್ಕೇ. ಇಲ್ಲಿ ಮೂರು ದಾರಿಗಳಿದ್ದವು. ಕೊಳವೆಯನ್ನು ಒಂದು ಇಂಚು ಕತ್ತರಿಸಬಹುದಿತ್ತು. ಆದರೆ ಪೂರ್ತಿ ಎಳೆದಾಗ ಬ್ರಾಡ್‌ಹೆಡ್‌ನ ಅಲಗು ಬಿಲ್ಲು ಹಿಡಿದ ಕೈಯ ಹತ್ತಿರಕ್ಕೆ ಬರುತ್ತಿತ್ತು, ಅದಕ್ಕೆ ನಾನು ಒಪ್ಪುವುದಿಲ್ಲ. ಎಳೆತವನ್ನು ನಾಲ್ಕೈದು ಪೌಂಡ್ ಇಳಿಸಬಹುದಿತ್ತು. ಸಂವೇಗಕ್ಕಾಗಿ ಇಷ್ಟೆಲ್ಲ ಮಾಡಿ ಅದನ್ನೇ ಬಿಟ್ಟುಕೊಡುವುದು ಅವರಿಗೆ ಇಷ್ಟವಾಗಲಿಲ್ಲ. ಉಳಿದದ್ದು ಇನ್ನೂ ಗಡುಸಾದ ಕೊಳವೆ. 250 ಸ್ಪೈನ್ ತರಿಸಿದೆವು. ಗರಿಯಿಲ್ಲದ ಬಾಣ ಗರಿಯಿದ್ದವುಗಳ ಜೊತೆಗೇ, ಅದೇ ಕೋನದಲ್ಲಿ ನಾಟಿತು. ಆಸರೆಯನ್ನು ಕೂದಲೆಳೆಯಷ್ಟು ಸರಿಸಿದ ಮೇಲೆ ಕಾಗದದ ತೂತೂ ದುಂಡಾಯಿತು.

ಸ್ಪೈನ್ ಕೋಷ್ಟಕಗಳನ್ನು ನೋಡಿದರೆ ಈ ಬಿಲ್ಲಿಗೆ 400 ಅಥವಾ 340 ಎನ್ನುತ್ತವೆ. ಆ ಕೋಷ್ಟಕಗಳು ಮುಂದೆ ನೂರು ಗ್ರೇನ್ ಆಸುಪಾಸಿನ ತುದಿ ಇರುತ್ತದೆಂದು ಎಣಿಸಿ ಮಾಡಿದಂಥವು. ಇನ್ಸರ್ಟ್, ಕಾಲರ್ (ಕೊಳವೆಯ ಬಾಯಿಗೆ ತೊಡಿಸುವ ಬಳೆ), ತುದಿ ಸೇರಿ 285 ಗ್ರೇನ್ ಕೂರಿಸುವವರು ಕೋಷ್ಟಕವನ್ನು ಆರಂಭದ ಅಂದಾಜಿಗೆ ಮಾತ್ರ ಬಳಸಬೇಕು.

ಕಟ್ಟುವ ಕೆಲಸ

ಕೊನೆಗೆ ನಿಂತ ಬಾಣದ ಲೆಕ್ಕ ಹೀಗಿದೆ. ಕೊಳವೆ ಇಂಚಿಗೆ 11.5 ಗ್ರೇನ್‌ನಂತೆ ಇಪ್ಪತ್ತೇಳೂವರೆ ಇಂಚಿಗೆ 316. ನಾಕ್ 10, ಮೂರು ಗರಿ 21, ಹಿತ್ತಾಳೆ ಇನ್ಸರ್ಟ್ 75, ಕೊಳವೆಯ ಬಾಯಿಗೆ ಹೊರಗಿನಿಂದ ತೊಡಿಸುವ ಅಲ್ಯೂಮಿನಿಯಂ ಕಾಲರ್ 10, ಬ್ರಾಡ್‌ಹೆಡ್ 200. ಒಟ್ಟು 632. ಸಮತೂಕದ ಬಿಂದು 20.05 ಇಂಚಿನಲ್ಲಿ, ಎಫ್‌ಒಸಿ ಶೇಕಡಾ 21.6.

ಇದನ್ನು ಹಿಂದಿನ 20.9ರ ಪಕ್ಕದಲ್ಲಿಟ್ಟು ನೋಡಿ. ಒಂದು ಬಾಣ ಕಾಗದವನ್ನು ಎರಡು ಬೆರಳು ಹರಿದಿತ್ತು, ಇನ್ನೊಂದು ದುಂಡು ತೂತು ಮಾಡುತ್ತದೆ. ಎಫ್‌ಒಸಿಯ ಅಂಕಿ ಎರಡಕ್ಕೂ ಹೆಚ್ಚುಕಡಿಮೆ ಒಂದೇ. ಆ ಅಂಕಿಯನ್ನು ಗುರಿಯಾಗಿಟ್ಟುಕೊಂಡು ಬಾಣ ಕಟ್ಟುವವರು ಈ ಎರಡರ ವ್ಯತ್ಯಾಸವನ್ನು ಯಾವ ಲೆಕ್ಕದಲ್ಲಿ ಹಿಡಿಯುತ್ತಾರೆಂದು ನನಗೆ ಅರ್ಥವಾಗುವುದಿಲ್ಲ. ನೆಟ್ಟಗೆ ಹಾರುವ, ಮುರಿಯದ ಬಾಣ ಕಟ್ಟಿ ಮುಗಿಸಿದ ಮೇಲೆ ಅಳೆದು ಬರೆದಿಡಬೇಕಾದ ಅಂಕಿ ಅದು.

ಕಾರ್ಬನ್ ಕತ್ತರಿಸಲು ವೇಗವಾಗಿ ತಿರುಗುವ ಉಜ್ಜುಚಕ್ರವೇ ಬೇಕು. ಹಲ್ಲಿನ ಗರಗಸ ಎಳೆಗಳನ್ನು ಸಿಬಿರೆಬ್ಬಿಸುತ್ತದೆ. ದೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಮುಖಗವಸು ಇಲ್ಲದೆ ಕೂರಬೇಡಿ. ಕತ್ತರಿಸಿದ ಬಾಯಿ ಕೊಳವೆಗೆ ಸರಿಯಾಗಿ ಲಂಬವಾಗಿರಬೇಕು. ಬಾಯಿಯ ಅಂಚಿಗೆ ಮಾರ್ಕರ್ ಬಳಿದು ಮರಳುಕಾಗದ ಅಂಟಿಸಿದ ತಟ್ಟೆಗೆ ತಿರುಗಿಸುತ್ತಾ ಒತ್ತಿದರೆ ಎತ್ತರದ ಕಡೆ ಮಾತ್ರ ಬಣ್ಣ ಹೋಗುತ್ತದೆ. ಸುತ್ತಲೂ ಒಂದೇ ಸಮನೆ ಬಣ್ಣ ಹೋಗುವ ತನಕ ಉಜ್ಜಬೇಕು. ಬಾಯಿ ಓರೆಯಾಗಿದ್ದರೆ ಬ್ರಾಡ್‌ಹೆಡ್ ಓರೆಯಾಗಿ ಕೂರುತ್ತದೆ, ಅಲಗಿನ ತಲೆ ಗಾಳಿಯಲ್ಲಿ ತಾನೇ ಇನ್ನೊಂದು ಗರಿಯಂತೆ ವರ್ತಿಸಿ ಬಾಣವನ್ನು ಎಳೆದೊಯ್ಯುತ್ತದೆ.

ಆಮೇಲೆ ಒಳಗಿನ ಶುಚಿ. ಮೊದಲ ಬಾಣ ಸೋತದ್ದು ಇಲ್ಲಿಯೇ ಆದ್ದರಿಂದ ಇದನ್ನು ಅವರ ಕೈಯಿಂದಲೇ ಮಾಡಿಸಿದೆ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಕಡ್ಡಿಯನ್ನು ಒಳಗೆ ತಿರುಗಿಸಿ ತೆಗೆದರೆ ಮೊದಲು ಕಾಡಿಗೆಯಂತೆ ಕಪ್ಪಾಗಿ ಬರುತ್ತದೆ. ಹೊಸ ಕಡ್ಡಿ, ಮತ್ತೆ ತಿರುಗಿಸು. ಕಡ್ಡಿ ಬೆಳ್ಳಗೇ ಹೊರಬರುವ ತನಕ ನಿಲ್ಲಿಸುವಂತಿಲ್ಲ. ಇನ್ಸರ್ಟ್‌ನ ಮೈಯನ್ನು ಮರಳುಕಾಗದದಿಂದ ಒರಟು ಮಾಡಿ ಅದನ್ನೂ ಒರೆಸಿ, ಎರಡು ಭಾಗದ ಎಪಾಕ್ಸಿ ಹಚ್ಚಿ, ತಿರುಗಿಸುತ್ತಾ ಒಳಗಿಳಿಸಬೇಕು. ಹಾಗೆ ತಿರುಗಿಸಿದಾಗ ಎಪಾಕ್ಸಿ ಎಲ್ಲ ಕಡೆ ಹರಡುತ್ತದೆ. ಕಾಯಿಸಿ ಅಂಟಿಸುವ ಗೋಂದು ಬೇಡ. ಹೆಚ್ಚು ಕಾವು ಕಾರ್ಬನ್‌ನ ರಾಳವನ್ನೇ ಹಾಳುಮಾಡುತ್ತದೆ. ಕಾಲರ್‌ನ ಕೆಲಸ ಕೊಳವೆಯ ಬಾಯಿ ಬಿರಿಯದಂತೆ ಹೊರಗಿನಿಂದ ಬಿಗಿಹಿಡಿಯುವುದು. ಹತ್ತೇ ಗ್ರೇನ್, ಆದರೆ ಇಡೀ ಬಾಣದಲ್ಲಿ ಕೊಟ್ಟ ತೂಕಕ್ಕೆ ಅತಿ ಹೆಚ್ಚು ಫಲ ಕೊಡುವ ಭಾಗ ಇದೇ ಎಂಬುದು ನನ್ನ ಅಭಿಪ್ರಾಯ.

ಬ್ರಾಡ್‌ಹೆಡ್‌ಗೆ ಬಿಚ್ಚುವ ಅಲಗಿನ ಸಹವಾಸ ಬಿಟ್ಟು, ಎರಡು ಅಂಚಿನ ಗಟ್ಟಿ ಉಕ್ಕಿನ ತಲೆ ಆರಿಸಿದೆವು. ಉದ್ದ ಅಗಲದ ಸುಮಾರು ಮೂರರಷ್ಟು. ಹಾಗಿದ್ದರೆ ಅದು ಮೂಳೆಯೊಳಗೆ ಇಳಿಜಾರಾಗಿ ಬೆಣೆಯಂತೆ ಇಳಿಯುತ್ತದೆ. ಅಂಚುಗಳನ್ನು ಒಂದೇ ಬದಿಯಿಂದ ಮಸೆದದ್ದು. ಹೀಗೆ ಮಸೆದ ತಲೆ ಮಾಂಸ, ಮೂಳೆಯೊಳಗೆ ಹೋಗುವಾಗ ತಿರುಗುತ್ತದೆ, ಮೂಳೆಯನ್ನು ಸೀಳುತ್ತದೆ. ಗರಿಗಳ ತಿರುವೂ ಅದೇ ದಿಕ್ಕಿಗಿರಬೇಕು. ಬಲಕ್ಕೆ ಮಸೆದ ತಲೆಗೆ ಬಲತಿರುವಿನ ಗರಿ. ಎದುರುಬದುರಾದರೆ ಗಾಳಿಯಲ್ಲಿ ಒಂದು ಕಡೆಗೆ ಸುತ್ತುತ್ತಿದ್ದ ಬಾಣ ಪ್ರಾಣಿಗೆ ತಗುಲಿದೊಡನೆ ನಿಂತು ಇನ್ನೊಂದು ಕಡೆಗೆ ಸುತ್ತಬೇಕಾಗುತ್ತದೆ. ಮಸೆಯುವುದನ್ನು ಕಲಿಸಿದೆ. ಪೆಟ್ಟಿಗೆಯಿಂದ ತೆಗೆದಾಗ ಇರುವ ಹರಿತ ಸಾಕೆನ್ನುವವರು ಒಮ್ಮೆ ಚರ್ಮದ ಪಟ್ಟಿಯ ಮೇಲೆ ಎಳೆದ ಅಂಚನ್ನು ಅದಕ್ಕೆ ಹೋಲಿಸಿ ನೋಡಬೇಕು.

ತೆತ್ತ ಬೆಲೆ

ಭಾರದ ಬಾಣದ ಹುರುಪಿನಲ್ಲಿ ಮುಚ್ಚಿಡುವ ಭಾಗ ಇದು. ಗಾಳಿಯ ತಡೆಯನ್ನು ಬಿಟ್ಟು ಲೆಕ್ಕ ಹಾಕಿದರೂ, ಹಳೆಯ ಬಾಣ 20 ಮೀಟರ್ ಹೋಗುವಷ್ಟರಲ್ಲಿ 29 ಸೆಂಟಿಮೀಟರ್ ಬೀಳುತ್ತಿತ್ತು, ಹೊಸದು 44. 40 ಮೀಟರಿನಲ್ಲಿ ಹಳೆಯದು 118, ಹೊಸದು 178. ದೂರ ಗೊತ್ತಿದ್ದರೆ ಇದು ಸಮಸ್ಯೆಯಲ್ಲ, ಗುರಿಗಣ್ಣಿನ ಪಿನ್ನುಗಳನ್ನು ಕೆಳಗೆ ಸರಿಸಿದರಾಯಿತು. ದೂರ ಅಂದಾಜಿನಲ್ಲಿ ತಪ್ಪಿದಾಗ ತೊಂದರೆ. 27 ಮೀಟರಿನಲ್ಲಿ ನಿಂತ ಪ್ರಾಣಿಯನ್ನು 32 ಎಂದು ಎಣಿಸಿ ಹೊಡೆದರೆ ಹಳೆಯ ಬಾಣ 10 ಸೆಂಟಿಮೀಟರ್ ಮೇಲೆ ಹೋಗುತ್ತದೆ, ಹೊಸದು 15. ಹತ್ತು ಮೇಲೆ ಹೋದರೂ ಶ್ವಾಸಕೋಶ ಸಿಗಬಹುದು. ಹದಿನೈದಕ್ಕೆ ಬೆನ್ನುಮೂಳೆಯ ಹತ್ತಿರದ ಮಾಂಸ ಸಿಗುತ್ತದೆ, ಇಲ್ಲವೇ ಏನೂ ಇಲ್ಲ.

ಸದ್ದಿನ ಲೆಕ್ಕವೂ ಇದೆ. 20 ಮೀಟರ್ ದೂರದ ಪ್ರಾಣಿಗೆ ಹೆದೆಯ ಸದ್ದು ಸೆಕೆಂಡಿನ ಆರು ಶತಾಂಶದಲ್ಲಿ ಮುಟ್ಟುತ್ತದೆ. ಹಳೆಯ ಬಾಣ ಮುಟ್ಟುವುದು 0.24 ಸೆಕೆಂಡಿಗೆ, ಹೊಸದು 0.30ಕ್ಕೆ. ಬೆಚ್ಚಿದ ಪ್ರಾಣಿಗೆ ಕುಸಿದು ಓಡಲು ಅಷ್ಟು ಹೆಚ್ಚು ಸಮಯ. ಭಾರದ ಬಾಣದಿಂದ ಬಿಲ್ಲಿನ ಸದ್ದು ಕಡಿಮೆಯಾಗುತ್ತದೆ, ಅದು ಸ್ವಲ್ಪ ಸರಿದೂಗಿಸುತ್ತದೆ. ಪೂರ್ತಿ ಸರಿದೂಗಿಸುತ್ತದೆಂದು ನಾನು ಹೇಳಲಾರೆ. ಈ ಬೇಟೆಗಾರರು ದಟ್ಟ ಪೊದೆಗಳ ನಡುವೆ 25 ಮೀಟರಿನೊಳಗೆ ಮಾತ್ರ ಹೊಡೆಯುವವರು, ದೂರ ಅಳೆಯುವ ಯಂತ್ರವೂ ಅವರಲ್ಲಿದೆ. ಬಯಲಿನಲ್ಲಿ ದೂರದ ಜಿಂಕೆಗೆ ಬಾಣ ಬಿಡುವವರಿಗೆ ಇದೇ 632 ಗ್ರೇನ್ ಕಟ್ಟಿಕೊಡಲು ನಾನು ಒಪ್ಪುತ್ತಿರಲಿಲ್ಲ.

ಯಾವುದರಿಂದ ಎಷ್ಟು?

ಹೊಸ ಬಾಣ ಕೈಸೇರಿದ ಮೇಲೆ ಅವರು ಒಂದು ಹಂದಿ ಬೇಟೆಯಾಡಿದರು. 16 ಮೀಟರ್, ಪಕ್ಕಕ್ಕೆ ತಿರುಗಿ ನಿಂತಿತ್ತು, ಬಾಣ ಹೆಗಲಿನ ಹಿಂದೆ ಹೊಕ್ಕು ಆಚೆ ಬದಿಯಿಂದ ಹೊರಬಂದು ಮಣ್ಣಿನಲ್ಲಿ ನಾಟಿತು. ಪ್ರಾಣಿ ಕಣ್ಣಳತೆಯಲ್ಲೇ ಬಿದ್ದಿತು. ಅವರಿಗೆ ಅದೇ ಸಾಕ್ಷಿ. ನನಗಲ್ಲ, ಏಕೆಂದರೆ ಆ ಬಾಣ ಪಕ್ಕೆಲುಬಿನ ನಡುವೆ ಹೋಗಿತ್ತು. ಆ ಜಾಗದಲ್ಲಿ ಸರಿಯಾಗಿ ಹಾರುವ 395 ಗ್ರೇನ್ ಬಾಣವೂ ಆಚೆ ಹೋಗುತ್ತಿತ್ತು.

ಹೋಲಿಕೆಗೆಂದು ಅವರ ಹಳೆಯ 400 ಸ್ಪೈನ್ ಕೊಳವೆಯಲ್ಲೇ ಇನ್ನೊಂದು ಬಾಣ ಕಟ್ಟಿದ್ದೆ. ಶುಚಿಯಾಗಿ ಅಂಟಿಸಿದ ಅದೇ 16 ಗ್ರೇನ್ ಇನ್ಸರ್ಟ್, ಒಂದು ಕಾಲರ್, 125 ಗ್ರೇನ್‌ನ ಬಿಚ್ಚದ ಬ್ರಾಡ್‌ಹೆಡ್. ಒಟ್ಟು 430 ಗ್ರೇನ್ ಸುಮಾರಿಗೆ, ಎಫ್‌ಒಸಿ ಶೇಕಡಾ 15.8. ಎಳೆತವನ್ನು ಎರಡು ಪೌಂಡ್ ಇಳಿಸಿದಾಗ ಕಾಗದದಲ್ಲಿ ದುಂಡು ತೂತು ಮಾಡಿತು. ಫೋಮ್ ಗುರಿಯ ಮುಂದೆ ಪ್ಲೈವುಡ್ ಹಲಗೆ ನಿಲ್ಲಿಸಿ ಮೂರೂ ಬಗೆಯ ಬಾಣಗಳನ್ನು ಹೊಡೆಸಿದೆ. ಪ್ಲೈವುಡ್ ಮೂಳೆಯಲ್ಲ, ಫೋಮ್ ಮಾಂಸವಲ್ಲ. ಫೋಮ್ ಕೊಳವೆಯನ್ನು ಉಜ್ಜಿ ಹಿಡಿಯುತ್ತದೆ, ರಕ್ತಸಿಕ್ತ ಮಾಂಸ ಹಾಗೆ ಹಿಡಿಯುವುದಿಲ್ಲ. ಆದ್ದರಿಂದ ಎಷ್ಟು ಸೆಂಟಿಮೀಟರ್ ಹೊಕ್ಕಿತು ಎಂಬುದನ್ನು ನಾನು ನೆಚ್ಚುವುದಿಲ್ಲ, ಯಾವುದು ಮುರಿಯಿತು ಎಂಬುದನ್ನು ನೆಚ್ಚುತ್ತೇನೆ. ಮೊದಲಿನ ಬಗೆಯ ಬಾಣ ಇಲ್ಲೂ ಬಾಯಿಯ ಬಳಿ ಬಿರಿಯಿತು. 430 ಗ್ರೇನ್‌ನದು ಹಲಗೆ ದಾಟಿ ಫೋಮ್‌ನೊಳಗೆ ನಿಂತಿತು, ಕೊಳವೆಗೆ ಏನೂ ಆಗಿರಲಿಲ್ಲ. 632ರದು ಅದಕ್ಕಿಂತ ಆಳಕ್ಕೆ ಹೋಯಿತು, ಅದಕ್ಕೂ ಏನೂ ಆಗಿರಲಿಲ್ಲ.

ಇದರಿಂದ ನಾನು ತೆಗೆದ ತೀರ್ಮಾನ: ಆ ಹಂದಿಯ ಹೆಗಲಿನಲ್ಲಿ ಬಾಣ ನಿಂತದ್ದಕ್ಕೆ ದೊಡ್ಡ ಕಾರಣ ಕೊಳಕು ಅಂಟು, ಬಿಚ್ಚುವ ಅಲಗು, ಆಸರೆಗೆ ತಾಗಿದ ಗರಿ. ತೂಕದ ಕೊರತೆ ಇವುಗಳ ನಂತರದ್ದು. 430 ಗ್ರೇನ್ ಬಾಣ ಆ ದಿನ ಹೆಗಲು ದಾಟುತ್ತಿತ್ತೆಂದು ಆಣೆ ಇಡುವುದಿಲ್ಲ, ಬಿರಿಯುತ್ತಿರಲಿಲ್ಲ ಎಂದಷ್ಟೇ ಹೇಳಬಲ್ಲೆ. ಹೆಗಲಿನ ಮೂಳೆಯನ್ನೇ ದಾಟಬೇಕಾದ ಸಂದರ್ಭಕ್ಕೆ 632 ಗ್ರೇನ್‌ನ ಬಾಣ ಖಂಡಿತ ಮೇಲು.

ಅವರೀಗ ಎಳೆತವನ್ನು 65 ಪೌಂಡಿಗೆ ಏರಿಸಿ, ಮುಂದೆ ಇನ್ನೂ 50 ಗ್ರೇನ್ ಸೇರಿಸುವ ಯೋಚನೆಯಲ್ಲಿದ್ದಾರೆ. ಎರಡೂ ಸೇರಿದರೆ 250 ಸ್ಪೈನ್ ಕೊಳವೆ ಮತ್ತೆ ಮೆತ್ತಗಾಗುವ ಸಾಧ್ಯತೆ ಹೆಚ್ಚು, ಅದಕ್ಕಿಂತ ಗಡುಸಾದ ಕೊಳವೆಗೆ ಆಯ್ಕೆಯೂ ಕಡಿಮೆ. ಎಳೆತ ಏರಿಸಿದ ದಿನವೇ, ತೂಕ ಸೇರಿಸುವ ಮೊದಲು, ಗರಿ ಕೆರೆದ ಬಾಣವೊಂದನ್ನು 18 ಮೀಟರಿನಿಂದ ಹೊಡೆದು ಅದು ಎಲ್ಲಿ ಬಿತ್ತೆಂದು ತಿಳಿಸಲು ಹೇಳಿದ್ದೇನೆ.